ಧಾರವಾಡ ಶಿಲಾವರ್ಗ: ಅದರ ಶೋಧನೆಯ ಚರಿತ್ರೆ

ಸಾಗುವಳಿದಾರನಿಗೆ ಮಣ್ಣಿನ ಗುಣವೇ ಮುಖ್ಯವಾದುದು. ಮಣ್ಣಾದರೋ ಬಹುಮಟ್ಟಿಗೆ ಕಲ್ಲು ಶಿಥಿಲವಾಗಿ ಸವೆದು ಉಂಟಾದ ಪದಾರ್ಥವು. ಆದುದರಿಂದ ಹೊಲದ ಅಡಿಯಲ್ಲಿರುವ ಶಿಲೆಯ ವಿಚಾರವು ಬೇಸಾಯಗಾರನೂ ಅರಿಯತಕ್ಕುದಾಗಿದೆ.

ಕನ್ನಡ ನಾಡಿನಲ್ಲಿ ಎರಡು ಬಗೆಯ ಪುರಾತನ ಶಿಲೆಗಳು ವಿಶೇಷವಾಗಿ ಹರಡಿರುವುವು. ಒಂದು, ಬೂದು ಬಣ್ಣದ ಪಟ್ಟೆಗಳುಳ್ಳ ನೈಸ್ ಕಲ್ಲು. ಬೆಂಗಳೂರಿನ ಲಾಲ್‌ಬಾಗಿನ ಬಂಡೆಯು ಈ ಜಾತಿಯದು. ಇನ್ನೊಂದು, ಹಸುರು ಅಥವಾ ಕಪ್ಪು ಛಾಯೆಯ ಪದರುಗಲ್ಲು. ಇದು ಗದಗ, ಚಿತ್ರದುರ್ಗ, ಬಾಬಾಬುಡನ್‌ಗಿರಿ, ಸಂಡೂರು ಮೊದಲಾದ ಪ್ರಾಂತಗಳಲ್ಲಿ ಉದ್ದವಾದ ಪಟ್ಟಿಗಳಾಗಿ ಹಬ್ಬಿದೆ.

ಈ ಪದರುಗಲ್ಲುಗಳನ್ನು ಪ್ರತ್ಯೇಕವಾದ ವರ್ಗವೆಂದು ಗುರುತಿಸಿ ‘ಧಾರವಾಡ’ವೆಂಬ ಹೆಸರನ್ನಿಟ್ಟವರು ರಾಬರ್ಟ್ ಬ್ರೂಸ್ ಫುಟ್ ಎಂಬವರು. 1858ರಲ್ಲಿ ಭಾರತೀಯ ಭೂಗರ್ಭ ಸರ್ವೇಕ್ಷಣಾ ಇಲಾಖೆಯನ್ನು ಸೇರಿದ ಇವರು ದಕ್ಷಿಣ ಮಹಾರಾಷ್ಟ್ರ ಪ್ರಾಂತದ ಶಿಲೆಗಳನ್ನು ಕುರಿತು 1876ರಲ್ಲಿ ವಿಸ್ತಾರವಾದ ಗ್ರಂಥವನ್ನು ಪ್ರಕಟಿಸಿದರು. ದಕ್ಷಿಣ ಹಿಂದೂಸ್ಥಾನದ ಚಿನ್ನದ ಮುಖ್ಯ ಆಶ್ರಯವು ಈ ವರ್ಗವೇ ಎಂದು 1888ರ ಲೇಖನದಲ್ಲಿ ತೋರಿಸಿಕೊಟ್ಟರು. ನೈಸ್ ಶಿಲೆಯು ತಳಪಾಯ, ಧಾರವಾಡ ಶಿಲೆಗಳು ಅದರ ಮೇಲೆ ಸಂಚಯವಾದುವು ಎಂಬುದು ಅವರ ಮತವು.

ಮೈಸೂರು ಸಂಸ್ಥಾನದ ಭೂಗರ್ಭ ಇಲಾಖೆಯು 1894ರಲ್ಲಿ ಸ್ಥಾಪಿತವಾಯಿತು. ಅದರ ಮುಖ್ಯಾಧಿಕಾರಿಗಳಾಗಿದ್ದ ಡಬ್ಲ್ಯು. ಎಫ್. ಸ್ಮೀತ್ ಅವರು 1916ರಲ್ಲಿ ಇದಕ್ಕೆ ವಿರುದ್ಧವಾದ ಅಭಿಪ್ರಾಯವನ್ನು ಮಂಡಿಸಿದರು. ನೈಸ್ ಶಿಲೆಯೊಳಗೆ ಪದರುಗಲ್ಲಿನ ತುಣುಕುಗಳು ಸಿಕ್ಕಿಕೊಂಡಿರುವುದರಿಂದ ಪದರುಗಲ್ಲೇ ಹಿರಿದು, ನೈಸ್ ಕರಗಿದ ರೂಪದಲ್ಲಿ ಅದರೊಳಕ್ಕೆ ನುಗ್ಗಿ ಬಂದುದು ಎಂದು ಅವರು ವಾದಿಸಿದರು. ಆದರೆ ಚಿಕ್ಕಮಗಳೂರು ಸೀಮೆಯ ಕಲ್ದುರ್ಗದಲ್ಲಿ ಧಾರವಾಡ ಶಿಲೆಯೊಳಗೇ ನೈಸ್ ಜಾತಿಯ ಉರುಟುಗಲ್ಲುಗಳು ಅಂಟಿಕೊಂಡಿರುವುವು. ತಳದ ಬಂಡೆಯು ಮೊದಲೇ ಇದ್ದು, ಸವೆದು ಉರುಳಿದ ಹೊರತು ಅವು ಅಲ್ಲಿಗೆ ಬರುವುದು ಸಾಧ್ಯವಿಲ್ಲ.

ಹೀಗೆ ಎರಡು ಪಕ್ಷಗಳಿಗೂ ಸಾಕ್ಷ್ಯವಿದ್ದುದರಿಂದ ವಿವಾದವು ಬಹುಕಾಲ ನಡೆಯಿತು. ಪದರುಗಲ್ಲೆಲ್ಲವೂ ಒಂದೇ ಕಾಲದ್ದಲ್ಲವೆಂದು ತಿಳಿದ ಮೇಲೆ ಅದು ಪರಿಹಾರವಾಯಿತು. ನೈಸ್ ಶಿಲೆಯಲ್ಲಿ ಸಿಕ್ಕಿಕೊಂಡಿರುವ ಹಳೆಯ ತುಣುಕುಗಳಿಗೆ ‘ಸರಗೂರು’ ಎಂಬ ಹೆಸರು ಬಂದಿತು. ನೈಸ್ ಶಿಲೆಯ ಮೇಲೆ ಸಂಚಯವಾದ ಕಿರಿಯವುಗಳಿಗೆ ‘ಧಾರವಾಡ’ವೆಂಬ ಹೆಸರೇ ಉಳಿಯಿತು. ಈ ವಿಂಗಡಣೆಯನ್ನು 1981ರಲ್ಲಿ ಸ್ವಾಮಿನಾಥ್ ಮತ್ತು ರಾಮಕೃಷ್ಣನ್ ಅವರು ವಿವರವಾಗಿ ಪ್ರತಿಪಾದಿಸಿರುವರು. ಧಾರವಾಡ ಶಿಲೆಗಳ ವಯಸ್ಸು ಸುಮಾರು 290 ರಿಂದ 260 ಕೋಟಿ ವರ್ಷಗಳೆಂದು ಗಣಿಸಲಾಗಿದೆ.

ಈ ಭೇದವು ಬೇಸಾಯಕ್ಕೂ ಉಪಯುಕ್ತವಾದುದು. ನೈಸ್ ಕಲ್ಲಿನಿಂದ ಸಾಮಾನ್ಯವಾಗಿ ಮರಳು ಮಿಶ್ರವಾದ ಕೆಂಪು ಮಣ್ಣು ಹುಟ್ಟುವುದು. ಹಸುರು ಪದರುಗಲ್ಲಿನಿಂದ ಜೇಡಿ ಹೆಚ್ಚಾಗಿ ತೇವವನ್ನು ಹಿಡಿದಿಡುವ ಮಣ್ಣಾಗುವುದು. ಎರಡರಲ್ಲಿಯೂ ಗಟ್ಟಿ ಬಂಡೆಯೊಳಗೆ ನೀರು ನಿಲ್ಲದು. ಮೇಲಣ ಶಿಥಿಲವಾದ ಪದರದಲ್ಲಿಯೂ ಬಿರುಕುಗಳಲ್ಲಿಯೂ ಮಾತ್ರ ಸಂಗ್ರಹವಾಗುವುದು. ಆದಕಾರಣ ಬಾವಿಯನ್ನು ತೋಡಿಸುವವರು ಹಣವನ್ನು ವೆಚ್ಚಮಾಡುವುದಕ್ಕೆ ಮುಂಚೆ ಹತ್ತಿರದ ಹಳ್ಳದ ದಂಡೆಯಲ್ಲಿಯೂ ಹಳೆಯ ಬಾವಿಗಳ ಗೋಡೆಯಲ್ಲಿಯೂ ಕಲ್ಲಿನ ಜಾತಿಯನ್ನೂ, ಅದು ಎಷ್ಟು ಆಳದವರೆಗೆ ಶಿಥಿಲವಾಗಿದೆಯೆಂಬುದನ್ನೂ ಪರೀಕ್ಷಿಸುವುದು ಉತ್ತಮವು.