ಖಾಲಿ ಪಿರಿಯಡ್‌ಗೆ ಯಾರು ಹೊಣೆ?

ಪದವಿ ವಿದ್ಯಾರ್ಥಿಯ ಹಾಜರಾತಿ ಕಡಿಮೆಯಾದರೆ ಕಾಲೇಜು ಸುಮ್ಮನಿರುವುದಿಲ್ಲ. ಸೂಚನಾ ಫಲಕದಲ್ಲಿ ಹೆಸರು ಬರುತ್ತದೆ, ಅಪ್ಪ ಅಮ್ಮನನ್ನು ಕರೆಸುತ್ತಾರೆ, ಪರೀಕ್ಷೆಗೆ ಕೂರಿಸುವುದಿಲ್ಲ ಎಂಬ ಎಚ್ಚರಿಕೆಯೂ ಬರುತ್ತದೆ. ಆದರೆ ತರಗತಿಯೇ ನಡೆಯದಿದ್ದರೆ? ವೇಳಾಪಟ್ಟಿಯಲ್ಲಿ ವಿಷಯವಿದೆ, ಎದುರಿಗೆ ಉಪನ್ಯಾಸಕರ ಹೆಸರಿಲ್ಲ. ಅಥವಾ ಹೆಸರಿದೆ, ಪಾಠವಿಲ್ಲ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಕ್ಯಾಂಟೀನಿಗೆ ಹೋಗುತ್ತಾರೆ, ಪರೀಕ್ಷೆ ಹತ್ತಿರವಾದಾಗ ಗೇಟಿನ ಮುಂದೆ ಧರಣಿ ಕೂರುತ್ತಾರೆ. ಇವೆರಡರ ನಡುವೆ ಕಾನೂನು ತೋರಿಸಿದ ದಾರಿಯೊಂದಿದೆ. ಅದು ಕೇಳುವುದು ಇಷ್ಟೇ: ದೂರು ವ್ಯಕ್ತಿಯ ಮೇಲಿರಬಾರದು, ನಡೆಯದ ಗಂಟೆಗಳ ಮೇಲಿರಬೇಕು.

ನಿಯಮದಲ್ಲಿ ಏನಿದೆ?

ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2018ರ ಜುಲೈನಲ್ಲಿ ಪ್ರಕಟಿಸಿದ ನಿಯಮಾವಳಿ ಅಧ್ಯಾಪಕರ ಅರ್ಹತೆಯ ಜೊತೆಗೆ ಅವರ ಕಾರ್ಯಭಾರವನ್ನೂ ಹೇಳುತ್ತದೆ. ವರ್ಷಕ್ಕೆ ಕನಿಷ್ಠ 180 ಬೋಧನಾ ದಿನಗಳು, ಅಂದರೆ ವಾರಕ್ಕೆ ಆರು ದಿನದಂತೆ 30 ವಾರ ನಿಜವಾದ ಪಾಠ ನಡೆಯಬೇಕು. ಪ್ರವೇಶಾತಿ, ಪರೀಕ್ಷೆ, ಕ್ರೀಡಾಕೂಟ, ಕಾಲೇಜು ವಾರ್ಷಿಕೋತ್ಸವಗಳಿಗೆ ಬೇರೆಯೇ 12 ವಾರಗಳಿವೆ. ಅವನ್ನು ಬೋಧನಾ ದಿನಗಳ ಲೆಕ್ಕಕ್ಕೆ ಸೇರಿಸುವಂತಿಲ್ಲ.

ಪೂರ್ಣಾವಧಿ ಅಧ್ಯಾಪಕರ ಕೆಲಸ ವಾರಕ್ಕೆ 40 ಗಂಟೆಗೆ ಕಡಿಮೆಯಿಲ್ಲ. ದಿನಕ್ಕೆ ಕನಿಷ್ಠ 5 ಗಂಟೆ ಅವರು ಕಾಲೇಜಿನಲ್ಲಿ ಸಿಗಬೇಕು. ಇದರಲ್ಲಿ ನೇರ ಬೋಧನೆ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ, ಸಹ ಪ್ರಾಧ್ಯಾಪಕರಿಗೆ ಮತ್ತು ಪ್ರಾಧ್ಯಾಪಕರಿಗೆ 14 ಗಂಟೆ. ಹಾಗಾಗಿ ಒಬ್ಬರು ದಿನಕ್ಕೆ ಎರಡು ಮೂರು ಪಿರಿಯಡ್ ಮಾತ್ರ ತೆಗೆದುಕೊಳ್ಳುವುದು ಕಳ್ಳಾಟವಲ್ಲ. ಉಳಿದ ಸಮಯದಲ್ಲಿ ಪಾಠದ ತಯಾರಿ, ಆಂತರಿಕ ಮೌಲ್ಯಮಾಪನ, ಸಂಶೋಧನೆ, ಕಚೇರಿ ಕಡತ ಎಲ್ಲವೂ ಇರುತ್ತವೆ. ಅದೇ ನಿಯಮಾವಳಿಯ ವೃತ್ತಿ ನೀತಿಸಂಹಿತೆ ಎರಡು ಮಾತು ಸ್ಪಷ್ಟವಾಗಿ ಹೇಳಿದೆ: ತರಗತಿಯ ಹೊರಗೂ ವಿದ್ಯಾರ್ಥಿಗಳಿಗೆ ಪ್ರತಿಫಲವಿಲ್ಲದೆ ಮಾರ್ಗದರ್ಶನ ಮಾಡಬೇಕು, ಕಾಲೇಜಿನ ಹೊಣೆಗೆ ಅಡ್ಡಬರುವ ಖಾಸಗಿ ಟ್ಯೂಷನ್, ಕೋಚಿಂಗ್‌ಗಳಿಂದ ದೂರವಿರಬೇಕು.

ವೇಳಾಪಟ್ಟಿಯ ಲೆಕ್ಕ

ವೇಳಾಪಟ್ಟಿ ಪ್ರಾಂಶುಪಾಲರ ಮರ್ಜಿಯಿಂದ ಹುಟ್ಟುವುದಿಲ್ಲ. ಯಾವ ಪತ್ರಿಕೆಗೆ ವಾರಕ್ಕೆ ಎಷ್ಟು ಗಂಟೆ ಎಂಬುದನ್ನು ವಿಶ್ವವಿದ್ಯಾಲಯದ ಪಠ್ಯಕ್ರಮವೇ ನಿಗದಿ ಮಾಡಿರುತ್ತದೆ. ಒಂದು ವಿಭಾಗದ ಎಲ್ಲ ಪತ್ರಿಕೆಗಳ ಗಂಟೆ ಕೂಡಿ 64 ಆಯಿತೆನ್ನಿ. 16 ಗಂಟೆಯಂತೆ ನಾಲ್ವರು ಸಹಾಯಕ ಪ್ರಾಧ್ಯಾಪಕರು ಬೇಕು. ಕಾಯಂ ಆಗಿ ಇರುವವರು ಇಬ್ಬರೇ ಆದರೆ 32 ಗಂಟೆ ಅತಿಥಿ ಉಪನ್ಯಾಸಕರ ಪಾಲಿಗೆ ಹೋಗುತ್ತದೆ. ಸರ್ಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರ ಕಾರ್ಯಭಾರವನ್ನು ರಾಜ್ಯ ಸರ್ಕಾರ 2022ರಲ್ಲಿ ವಾರಕ್ಕೆ 15 ಗಂಟೆಗೆ ಏರಿಸಿತು. ಆ ಲೆಕ್ಕದಲ್ಲಿ ಇಬ್ಬರು ಬಂದರೂ 2 ಗಂಟೆ ಯಾರ ಹೆಸರಿಗೂ ಸೇರದೆ ಉಳಿಯುತ್ತದೆ. ಈ ಲೆಕ್ಕವನ್ನು ನಿಮ್ಮ ವಿಭಾಗಕ್ಕೆ ಹಾಕಿ ನೋಡಿ. ಖಾಲಿ ಪಿರಿಯಡ್‌ನ ಮೂಲ ಅಲ್ಲೇ ಸಿಕ್ಕಬಹುದು.

ಮೊದಲು ಕಾರಣ ಹುಡುಕಿ

ಪಾಠ ನಡೆಯದಿರುವುದಕ್ಕೆ ಸಾಮಾನ್ಯವಾಗಿ ನಾಲ್ಕು ಕಾರಣಗಳಿರುತ್ತವೆ. ಕಾರಣ ಬೇರೆಯಾದಂತೆ ಉತ್ತರ ಕೊಡಬೇಕಾದವರೂ ಬೇರೆ.

• ಹುದ್ದೆಯೇ ಖಾಲಿ: ಸರ್ಕಾರಿ ಕಾಲೇಜಾದರೆ ಕಾಲೇಜು ಮತ್ತು ತಾಂತ್ರಿಕ ಶಿಕ್ಷಣ ಇಲಾಖೆ, ಖಾಸಗಿಯಾದರೆ ಆಡಳಿತ ಮಂಡಳಿ.
• ಅತಿಥಿ ಉಪನ್ಯಾಸಕರು ಇನ್ನೂ ಬಂದಿಲ್ಲ: ಬೇಡಿಕೆ ಕಳುಹಿಸಿದ ದಿನಾಂಕವನ್ನು ಪ್ರಾಂಶುಪಾಲರಿಂದ ಕೇಳಿ ತಿಳಿಯಿರಿ. ಆ ಮೇಲಿನ ವಿಳಂಬ ಇಲಾಖೆಯದು.
• ಅಧ್ಯಾಪಕರು ಮೌಲ್ಯಮಾಪನ, ಚುನಾವಣೆ ಮುಂತಾದ ಅನ್ಯ ಕಾರ್ಯದಲ್ಲಿದ್ದಾರೆ: ಬದಲಿ ವ್ಯವಸ್ಥೆ ಅಥವಾ ಹೆಚ್ಚುವರಿ ತರಗತಿ ಕೇಳಬಹುದು. ಅಧ್ಯಾಪಕರ ಮೇಲೆ ದೂರು ಸಲ್ಲದು.
• ಕಾಲೇಜಿಗೆ ಬಂದೂ ತರಗತಿಗೆ ಬರುವುದಿಲ್ಲ: ಮೊದಲು ವಿಭಾಗದ ಮುಖ್ಯಸ್ಥರು, ಆಮೇಲೆ ಪ್ರಾಂಶುಪಾಲರು.

ದೂರಿನ ಮೆಟ್ಟಿಲುಗಳು

ಒಂದು: ದಾಖಲೆ. ವೇಳಾಪಟ್ಟಿಯ ಫೋಟೊ ತೆಗೆದಿಡಿ. ತರಗತಿ ಪ್ರತಿನಿಧಿ ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಪಿರಿಯಡ್, ವಿಷಯ, ಪಾಠ ನಡೆಯಿತೇ ಇಲ್ಲವೇ ಎಂದು ಅಂದಂದೇ ಬರೆದಿಡಲಿ. ಕಾಲೇಜಿನ ವಿವರಪುಸ್ತಿಕೆಯನ್ನೂ ಹುಡುಕಿ ಇಟ್ಟುಕೊಳ್ಳಿ. ಪ್ರತಿ ಕೋರ್ಸಿನ ಪಠ್ಯಕ್ರಮದ ರೂಪುರೇಷೆ, ಬೋಧನಾ ಗಂಟೆಗಳು, ಅಧ್ಯಾಪಕರ ವಿದ್ಯಾರ್ಹತೆ ಅದರಲ್ಲಿ ಇರಲೇಬೇಕು ಎಂಬುದು ನಿಯಮ.

ಎರಡು: ಪ್ರಾಂಶುಪಾಲರಿಗೆ ಮನವಿ. ಒಬ್ಬರೇ ಬರೆಯುವ ಬದಲು ಇಡೀ ತರಗತಿ ಸಹಿ ಮಾಡಿದರೆ ಒಬ್ಬರ ಮೇಲೆ ಕಣ್ಣು ಬೀಳುವುದಿಲ್ಲ. ಕಚೇರಿಯಲ್ಲಿ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಮತ್ತು ದಿನಾಂಕ ಹಾಕಿಸಿಕೊಳ್ಳಿ. ಮುದ್ರೆ ಹಾಕಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ.

ಮನವಿ ಹೀಗಿರಬಹುದು: "ಮೂರನೇ ಸೆಮಿಸ್ಟರ್ ಬಿ.ಎ. ವಿದ್ಯಾರ್ಥಿಗಳಾದ ನಾವು ತಮ್ಮ ಗಮನಕ್ಕೆ ತರುವುದೇನೆಂದರೆ, ವೇಳಾಪಟ್ಟಿಯಂತೆ ಅರ್ಥಶಾಸ್ತ್ರಕ್ಕೆ ಈವರೆಗೆ ನಡೆಯಬೇಕಿದ್ದ ತರಗತಿಗಳು ಇಷ್ಟು, ನಡೆದವು ಇಷ್ಟು. ವಿವರ ಲಗತ್ತಿಸಿದೆ. ಕೂಡಲೇ ಬೋಧನೆಗೆ ವ್ಯವಸ್ಥೆ ಮಾಡಿ, ನಡೆಯದ ತರಗತಿಗಳನ್ನು ಯಾವಾಗ ನಡೆಸಲಾಗುವುದೆಂದು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ." ಇದಕ್ಕಿಂತ ಉದ್ದ ಬೇಡ. ಬೈಗುಳ, ಊಹೆ, ಅಧ್ಯಾಪಕರ ಖಾಸಗಿ ಬದುಕಿನ ಮಾತು ಸುತರಾಂ ಬೇಡ.

ಮೂರು: ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ಸಮಿತಿ. ಯುಜಿಸಿಯ 2023ರ ನಿಯಮಾವಳಿಯಂತೆ ಪ್ರತಿ ಕಾಲೇಜಿನಲ್ಲೂ ಈ ಸಮಿತಿ ಇರಬೇಕು. ಅಧ್ಯಕ್ಷರು ಅಥವಾ ಸದಸ್ಯರಲ್ಲಿ ಒಬ್ಬರಾದರೂ ಮಹಿಳೆ, ಒಬ್ಬರಾದರೂ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಅಥವಾ ಹಿಂದುಳಿದ ವರ್ಗದವರು ಇರಬೇಕು. ವಿದ್ಯಾರ್ಥಿ ಪ್ರತಿನಿಧಿಯೊಬ್ಬರು ವಿಶೇಷ ಆಹ್ವಾನಿತರು. ಪ್ರವೇಶದ ವೇಳೆ ಭರವಸೆ ಕೊಟ್ಟ ಗುಣಮಟ್ಟದ ಶಿಕ್ಷಣ ನಿರಾಕರಿಸುವುದನ್ನು ಈ ನಿಯಮಾವಳಿ ಕುಂದುಕೊರತೆ ಎಂದೇ ಗುರುತಿಸಿದೆ. ಪಾಠ ನಡೆಯದ ದೂರಿಗೆ ನೆಲೆ ಇದೇ. ಸಮಿತಿ ಸಾಧ್ಯವಾದಷ್ಟು 15 ಕೆಲಸದ ದಿನಗಳೊಳಗೆ ವರದಿ ಕೊಟ್ಟು, ಅದರ ಪ್ರತಿಯನ್ನು ನಿಮಗೂ ಕಳುಹಿಸಬೇಕು.

ನಾಲ್ಕು: ಓಂಬುಡ್ಸ್‌ಪರ್ಸನ್. ಸಮಿತಿಯ ತೀರ್ಮಾನ ಒಪ್ಪಿಗೆಯಾಗದಿದ್ದರೆ ಅದು ಕೈಸೇರಿದ 15 ದಿನಗಳೊಳಗೆ ನಿಮ್ಮ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ ಸಲ್ಲಿಸಿ. ನಿವೃತ್ತ ಕುಲಪತಿ, ಅನುಭವಿ ನಿವೃತ್ತ ಪ್ರಾಧ್ಯಾಪಕರು ಅಥವಾ ಮಾಜಿ ಜಿಲ್ಲಾ ನ್ಯಾಯಾಧೀಶರು ಈ ಸ್ಥಾನದಲ್ಲಿರುತ್ತಾರೆ. 30 ದಿನಗಳಲ್ಲಿ ಇತ್ಯರ್ಥಪಡಿಸಲು ಅವರು ಯತ್ನಿಸಬೇಕು. ನೀವೇ ಹಾಜರಾಗಬಹುದು, ಪ್ರತಿನಿಧಿಯನ್ನೂ ಕಳುಹಿಸಬಹುದು. ಆದರೆ ದೂರು ಸುಳ್ಳೆಂದು ಕಂಡರೆ ದೂರುದಾರರ ಮೇಲೆಯೇ ಕ್ರಮಕ್ಕೆ ಶಿಫಾರಸು ಮಾಡುವ ಅಧಿಕಾರವೂ ಅವರಿಗಿದೆ.

ಸರ್ಕಾರಿ ಕಾಲೇಜಿನ ಹುದ್ದೆ ಅಥವಾ ಅತಿಥಿ ಉಪನ್ಯಾಸಕರ ವಿಷಯವಾದರೆ ಇಲಾಖೆಯ ಪ್ರಾದೇಶಿಕ ಜಂಟಿ ನಿರ್ದೇಶಕರಿಗೆ ಬರೆಯಿರಿ. ರಾಜ್ಯದ ಜನಸ್ಪಂದನ ಸಹಾಯವಾಣಿ 1902ರಲ್ಲೂ ಅಹವಾಲು ದಾಖಲಿಸಬಹುದು. ಎಂಜಿನಿಯರಿಂಗ್, ವೈದ್ಯಕೀಯ ಕೋರ್ಸುಗಳಿಗೆ ಬೇರೆ ನಿಯಂತ್ರಣ ಸಂಸ್ಥೆಗಳಿದ್ದು, ಅಲ್ಲಿನ ನಿಯಮಗಳನ್ನು ಪ್ರತ್ಯೇಕವಾಗಿ ನೋಡಿಕೊಳ್ಳಬೇಕು.

ಮಾಹಿತಿ ಹಕ್ಕಿನ ನೆರವು

ಕಾಲೇಜು ಬಾಯಿಮಾತಿನಲ್ಲಿ ಕೊಡದ ಉತ್ತರವನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಬಹುದು. ಕರ್ನಾಟಕದಲ್ಲಿ ಅರ್ಜಿ ಶುಲ್ಕ 10 ರೂಪಾಯಿ. ಬಿಪಿಎಲ್ ಕುಟುಂಬದವರಿಗೆ ಶುಲ್ಕವಿಲ್ಲ. ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸಾಮಾನ್ಯವಾಗಿ 150 ಪದದೊಳಗೆ ಇರಬೇಕು. ವೇಳಾಪಟ್ಟಿಯ ಪ್ರತಿ, ಮಂಜೂರಾದ ಮತ್ತು ಖಾಲಿಯಿರುವ ಹುದ್ದೆಗಳ ಸಂಖ್ಯೆ, ಅತಿಥಿ ಉಪನ್ಯಾಸಕರಿಗಾಗಿ ಬರೆದ ಪತ್ರದ ಪ್ರತಿ, ಪತ್ರಿಕೆವಾರು ನಡೆದ ತರಗತಿಗಳ ಸಂಖ್ಯೆ ಕೇಳಿ. "ಇಂಥವರ ರಜೆ ಅರ್ಜಿ ಕೊಡಿ" ಎಂದು ಕೇಳಿದರೆ ವೈಯಕ್ತಿಕ ಮಾಹಿತಿ ಎಂಬ ಕಾರಣಕ್ಕೆ ನಿರಾಕರಣೆ ಬರುವ ಸಾಧ್ಯತೆ ಹೆಚ್ಚು.

30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನಗಳೊಳಗೆ ಮೊದಲ ಮೇಲ್ಮನವಿ. ಸರ್ಕಾರದಿಂದ ಗಣನೀಯ ಹಣ ಪಡೆಯುವ ಅನುದಾನಿತ ಕಾಲೇಜುಗಳೂ ಈ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಡಿ.ಎ.ವಿ. ಕಾಲೇಜು ಪ್ರಕರಣದಲ್ಲಿ ಹೇಳಿದೆ. ಅನುದಾನರಹಿತ ಕಾಲೇಜಾದರೆ, ಅದು ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ದಾಖಲೆಗಳನ್ನು ವಿಶ್ವವಿದ್ಯಾಲಯದಿಂದಲೇ ಕೇಳಿ.

ಹೆಚ್ಚಾಗಿ ಕೇಳುವ ಪ್ರಶ್ನೆಗಳು

*ತರಗತಿ ನಡೆಯದೆ ಹಾಜರಾತಿ ಕೊರತೆ ತೋರಿಸಿದರೆ?*
ನಡೆದ ತರಗತಿಗಳ ಒಟ್ಟು ಸಂಖ್ಯೆ ಎಷ್ಟೆಂದು ಲಿಖಿತವಾಗಿ ಕೇಳಿ, ನಿಮ್ಮ ನೋಟ್‌ಬುಕ್ಕಿನೊಂದಿಗೆ ತಾಳೆ ನೋಡಿ. ನಡೆಯದ ಪಾಠಕ್ಕೆ ಗೈರಾದವರೆಂದು ಯಾರನ್ನೂ ಲೆಕ್ಕ ಹಾಕುವುದು ನ್ಯಾಯವಲ್ಲ.

*ದೂರು ಕೊಟ್ಟದ್ದಕ್ಕೆ ಆಂತರಿಕ ಅಂಕ ಕಡಿತ ಮಾಡಿದರೆ?*
ಕಿರುಕುಳವೂ ಪಾರದರ್ಶಕವಲ್ಲದ ಮೌಲ್ಯಮಾಪನವೂ 2023ರ ನಿಯಮಾವಳಿಯಡಿ ಪ್ರತ್ಯೇಕ ದೂರುಗಳು. ಹಿಂದಿನ ಸೆಮಿಸ್ಟರಿನ ಅಂಕ, ಸಲ್ಲಿಸಿದ ಅಸೈನ್‌ಮೆಂಟ್‌ನ ಪ್ರತಿ ಇಟ್ಟುಕೊಂಡಿರಿ.

*ಗ್ರಾಹಕರ ಆಯೋಗಕ್ಕೆ ಹೋಗಬಹುದೇ?*
ಅವಸರ ಬೇಡ. ವಿದ್ಯಾರ್ಥಿ ಗ್ರಾಹಕನಲ್ಲ ಎಂದು ಸುಪ್ರೀಂ ಕೋರ್ಟ್ 2010ರ ಸುರ್ಜೀತ್ ಕೌರ್ ಪ್ರಕರಣದಲ್ಲಿ ಹೇಳಿದ ಮಾತು ಅಲ್ಲಿ ಅಡ್ಡ ಬರುತ್ತದೆ. ಕೊನೆಯ ದಾರಿ ಹೈಕೋರ್ಟಿನ ರಿಟ್ ಅರ್ಜಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕಾಣಿ ಅಥವಾ 15100ಕ್ಕೆ ಕರೆ ಮಾಡಿ.

*ಅಧ್ಯಾಪಕರಿಗೆ ಇದರಿಂದ ತೊಂದರೆಯಾಗದೇ?*
ಇಬ್ಬರ ಪಾಠವನ್ನು ಒಬ್ಬರೇ ಹೊರುತ್ತಿರುವ ಅಧ್ಯಾಪಕರಿಗೆ ಇಂಥ ಮನವಿ ಬೆಂಬಲವೇ ಆಗುತ್ತದೆ. ಖಾಲಿ ಗಂಟೆಗಳ ಲೆಕ್ಕ ಕಾಗದದ ಮೇಲೆ ಬಂದರೆ ಹುದ್ದೆ ಕೇಳಲು ಪ್ರಾಂಶುಪಾಲರಿಗೂ ಆಧಾರ ಸಿಗುತ್ತದೆ.

ಯಾವಾಗ ಕೊಡಬೇಕು?

ವರ್ಷಕ್ಕೆ 30 ವಾರವೆಂದರೆ ಒಂದು ಸೆಮಿಸ್ಟರಿಗೆ 15 ವಾರದ ಪಾಠ. ಸಮಿತಿಯ 15 ಕೆಲಸದ ದಿನ, ಮೇಲ್ಮನವಿಯ 30 ದಿನ ಸೇರಿದರೆ ಸುಮಾರು ಏಳು ವಾರ ಕಳೆಯುತ್ತದೆ. ಮೂರನೇ ವಾರದಲ್ಲಿ ಕೊಟ್ಟ ದೂರಿಗೆ ಪಾಠದ ದಿನಗಳು ಉಳಿದಿರುವಾಗಲೇ ಉತ್ತರ ಸಿಗಬಹುದು. ಹನ್ನೆರಡನೇ ವಾರದಲ್ಲಿ ಕೊಟ್ಟರೆ ಆದೇಶ ನಿಮ್ಮ ಪರವಾಗಿ ಬಂದರೂ ಅಷ್ಟರಲ್ಲಿ ಪರೀಕ್ಷೆ ಶುರುವಾಗಿರುತ್ತದೆ.