ಮಂಡಿ ನೋವಿನ ಪ್ರಶ್ನಾವಳಿ: ತುಂಬುವ ಮೊದಲು ತಿಳಿಯಬೇಕಾದದ್ದು



ಮಂಡಿ ಎಂದೊಡನೆ ನಮ್ಮ ಸದಸ್ಯರಲ್ಲಿ ಬಹುಮಂದಿಗೆ ಮೊದಲು ನೆನಪಾಗುವುದು ಅಡಿಕೆಯ ಧಾರಣೆ. ಈ ಸಂಚಿಕೆಯ ಪಾಠ ಆ ಮಂಡಿಯದಲ್ಲ. ತೋಟದ ಇಳಿಜಾರಿನಲ್ಲಿ ನಮ್ಮನ್ನು ಹೊತ್ತು ತಿರುಗುವ ಮೊಣಕಾಲಿನದು.

ಮಂಡಿ ನೋವೆಂದು ಪೇಟೆಯ ಆಸ್ಪತ್ರೆಗೆ ಹೋದ ನಮ್ಮ ಕೆಲವು ಸದಸ್ಯರ ಕೈಗೆ ಡಾಕ್ಟರನ್ನು ಕಾಣುವ ಮೊದಲೇ ಒಂದು ಅಚ್ಚಾದ ಹಾಳೆಯನ್ನು ಕೊಡುತ್ತಾರೆ. ಮೆಟ್ಟಿಲು ಹತ್ತುವಾಗ ನೋವು ಎಷ್ಟು, ರಾತ್ರಿ ಮಲಗಿದಾಗ ಎಷ್ಟು, ಕುರ್ಚಿಯಿಂದ ಏಳಲು ಎಷ್ಟು ಕಷ್ಟ ಎಂದು ಅದರಲ್ಲಿ ಸಾಲಾಗಿ ಕೇಳಿರುತ್ತದೆ. ನಾವು ಅದನ್ನು ಪಹಣಿ ಅರ್ಜಿಯಂತೆ ಎಣಿಸಿ, ಎಲ್ಲೋ ಒಂದು ಗುರುತು ಹಾಕಿ ಕೊಟ್ಟುಬಿಡುತ್ತೇವೆ. ಆದರೆ ಆ ಗುರುತುಗಳನ್ನು ಕೂಡಿಸಿ ಬಂದ ಅಂಕ ನಮ್ಮ ಕಡತದಲ್ಲಿ ಉಳಿಯುತ್ತದೆ. ಆರು ತಿಂಗಳ ನಂತರ ಔಷಧಿಯಿಂದ ಗುಣವಾಯಿತೇ, ವ್ಯಾಯಾಮ ಸಾಕೇ, ಕೀಲು ಬದಲಾಯಿಸುವ ಶಸ್ತ್ರಚಿಕಿತ್ಸೆಯ ಮಾತು ಎತ್ತಬೇಕೇ ಎಂದು ಯೋಚಿಸುವಾಗ ಆ ಅಂಕವನ್ನೂ ನೋಡುತ್ತಾರೆ. ಆದುದರಿಂದ ಈ ಹಾಳೆ ಹೇಗೆ ಹುಟ್ಟಿತು, ನಮ್ಮ ಬದುಕಿಗೆ ಅದು ಎಷ್ಟರ ಮಟ್ಟಿಗೆ ಹೊಂದುತ್ತದೆ ಎಂಬುದನ್ನು ತಿಳಿದಿರುವುದು ಒಳ್ಳೆಯದು.

ವಯಸ್ಸಾದವರಲ್ಲಿ ಸಾಮಾನ್ಯವಾಗಿ ಕಾಣುವ ಮಂಡಿ ನೋವು ಕೀಲಿನ ಸವೆತದ ಸಂಧಿವಾತ. ಮೂಳೆಯ ತುದಿಗೆ ಹೊದಿಸಿದಂತಿರುವ ಮೃದ್ವಸ್ಥಿ ಸವೆದು, ಅದರೊಡನೆ ಕೀಲಿನ ಉಳಿದ ಭಾಗಗಳೂ ಕೆಡುತ್ತಾ ಬರುತ್ತವೆ. ಇಲ್ಲೊಂದು ವಿಚಿತ್ರವಿದೆ. ಎಕ್ಸ್-ರೇಯಲ್ಲಿ ಕಾಣುವ ಸವೆತಕ್ಕೂ ರೋಗಿ ಅನುಭವಿಸುವ ನೋವಿಗೂ ನೇರವಾದ ತಾಳೆ ಇಲ್ಲ. ಚಿತ್ರದಲ್ಲಿ ಬಹಳ ಸವೆದಂತೆ ಕಂಡವರು ತೋಟ ಸುತ್ತಿ ಬರುತ್ತಾರೆ. ಅಲ್ಪ ಸವೆತದವರು ಜಗಲಿಯಿಂದ ಇಳಿಯಲು ಒದ್ದಾಡುತ್ತಾರೆ. ರಕ್ತ ಪರೀಕ್ಷೆಯಿಂದಲೂ ನೋವನ್ನು ಅಳೆಯಲಾಗದು. ರೋಗಿಯನ್ನೇ ಕೇಳಬೇಕು. ಎಲ್ಲರನ್ನೂ ಒಂದೇ ರೀತಿ ಕೇಳಿದರೆ ಮಾತ್ರ ಹೋಲಿಸಿ ನೋಡಲು ಬರುತ್ತದೆ. ಪ್ರಶ್ನಾವಳಿ ಹುಟ್ಟಿದ್ದು ಈ ಕಾರಣದಿಂದ.

ಇವುಗಳಲ್ಲಿ ಹೆಸರಾದದ್ದು ‘ವೋಮ್ಯಾಕ್’. ಕೆನಡಾ ದೇಶದ ವೆಸ್ಟರ್ನ್ ಒಂಟಾರಿಯೊ ಮತ್ತು ಮೆಕ್‌ಮಾಸ್ಟರ್ ವಿಶ್ವವಿದ್ಯಾನಿಲಯಗಳ ಹೆಸರಿನ ಮೊದಲಕ್ಷರಗಳಿಂದ ಈ ಹೆಸರು ಬಂದಿದೆ. ಡಾ. ನಿಕೊಲಸ್ ಬೆಲಾಮಿ ಮತ್ತು ಸಂಗಡಿಗರು ಇದನ್ನು ರೂಪಿಸಿ 1988ರಲ್ಲಿ ಪ್ರಕಟಿಸಿದರು. ಒಟ್ಟು 24 ಪ್ರಶ್ನೆಗಳು: ನೋವಿನ ಬಗ್ಗೆ 5, ಬಿಗಿತದ ಬಗ್ಗೆ 2, ದಿನನಿತ್ಯದ ಕೆಲಸಗಳ ಬಗ್ಗೆ 17. ಪ್ರತಿ ಪ್ರಶ್ನೆಗೂ ‘ಇಲ್ಲ’ ಎಂಬುದರಿಂದ ‘ಅತ್ಯಂತ ತೀವ್ರ’ ಎಂಬುದರವರೆಗೆ ಐದು ಉತ್ತರಗಳು. ಸೊನ್ನೆಯಿಂದ 4ರವರೆಗೆ ಅಂಕ. ಎಲ್ಲದರಲ್ಲೂ ಅತಿ ಕಷ್ಟವೆಂದರೆ 96.

ನೋವಿನ ಐದು ಪ್ರಶ್ನೆಗಳು ಯಾವ ದೇಶದವರಿಗಾದರೂ ಸಲ್ಲುತ್ತವೆ. ಸಮತಟ್ಟಿನಲ್ಲಿ ನಡೆಯುವುದು, ಮೆಟ್ಟಿಲು, ರಾತ್ರಿ ಹಾಸಿಗೆ, ಕೂತಿರುವುದು, ನಿಂತಿರುವುದು ಎಲ್ಲರಿಗೂ ಉಂಟು. ತೊಡಕು ಬರುವುದು ದಿನನಿತ್ಯದ ಕೆಲಸಗಳ ಹದಿನೇಳರಲ್ಲಿ. ಸ್ನಾನದ ತೊಟ್ಟಿಗೆ ಇಳಿಯಲು, ಹತ್ತಿ ಬರಲು ಕಷ್ಟವೇ ಎಂದು ಕೇಳುತ್ತಾರೆ. ನಮ್ಮ ಬಚ್ಚಲಲ್ಲಿ ಹಂಡೆಯೂ ಮಣೆಯೂ ಇವೆ, ಇಳಿಯುವ ತೊಟ್ಟಿ ಎಲ್ಲಿದೆ? ಕಾಲುಚೀಲ ಹಾಕಲು ಕಷ್ಟವೇ, ತೆಗೆಯಲು ಕಷ್ಟವೇ ಎಂದು ಎರಡು ಪ್ರಶ್ನೆ. ಜಿಗಣೆ ಕಾಲದಲ್ಲಿ ಬಿಟ್ಟರೆ ನಮ್ಮಲ್ಲಿ ಅನೇಕರು ಕಾಲುಚೀಲ ಮುಟ್ಟುವುದಿಲ್ಲ. ಕಾರು ಹತ್ತಿ ಇಳಿಯುವ ಪ್ರಶ್ನೆಯೂ ಇದೆ. ಆದರೆ ನಮ್ಮ ಅನೇಕ ಸದಸ್ಯರ ಮಂಡಿಗೆ ನಿಜವಾದ ಪರೀಕ್ಷೆ ಬಸ್ಸಿನ ಮೊದಲ ಮೆಟ್ಟಿಲು. ಶೌಚದ ಆಸನದಿಂದ ಏಳುವುದು ಎಂಬ ಪ್ರಶ್ನೆ ಕುರ್ಚಿಯಂತಹ ಕಮೋಡನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಕುಕ್ಕರಗಾಲಿನಲ್ಲಿ ಕೂತು ಏಳುವವರಿಗೆ ಮಂಡಿ ಪೂರ್ತಿ ಮಡಿಯಬೇಕು. ಆ ಎರಡೂ ಒಂದೇ ಕಷ್ಟವಲ್ಲ.

ಬೇರೆ ಹಾಳೆಗಳಲ್ಲೂ ಇಂತಹುದೇ ಸಂಗತಿ. ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಸಿದ್ಧವಾಗಿ 1998ರಲ್ಲಿ ಪ್ರಕಟವಾದ 12 ಪ್ರಶ್ನೆಗಳ ಪಟ್ಟಿ ಮೇಜಿನ ಮುಂದೆ ಊಟ ಮಾಡಿ ಕುರ್ಚಿಯಿಂದ ಏಳುವಾಗಿನ ನೋವನ್ನು ಕೇಳುತ್ತದೆ. ಮದುವೆ ಮನೆಯ ಪಂಕ್ತಿಯಲ್ಲಿ ಎಲೆಯ ಮುಂದಿನಿಂದ ಏಳಲಾರದೆ ಪಕ್ಕದವರ ಹೆಗಲು ಹಿಡಿಯುವವರ ಸಂಕಟ ಅದರಲ್ಲಿ ಬರುವುದಿಲ್ಲ. ಅದೇ 1998ರಲ್ಲಿ ಈವಾ ರೂಸ್ ಮತ್ತು ಸಂಗಡಿಗರು ಪ್ರಕಟಿಸಿದ ‘ಕೂಸ್’ ಎಂಬ 42 ಪ್ರಶ್ನೆಗಳ ಹಾಳೆ ವೋಮ್ಯಾಕನ್ನು ತನ್ನೊಳಗೆ ಸೇರಿಸಿಕೊಂಡು ಬೆಳೆದದ್ದು. ಅದರಲ್ಲಿ ಕುಕ್ಕರಗಾಲಿನಲ್ಲಿ ಕೂರುವ ಪ್ರಶ್ನೆ ಇದೆಯೆಂದು ಸಂತೋಷಪಡುವಷ್ಟರಲ್ಲಿ, ಅದು ಓಟ, ಜಿಗಿತಗಳ ಜೊತೆ ‘ಆಟ ಮತ್ತು ಮನರಂಜನೆ’ ಎಂಬ ವಿಭಾಗದಲ್ಲಿ ಕೂತಿರುವುದು ಕಾಣುತ್ತದೆ! ನಮ್ಮ ಮನೆಗಳಲ್ಲಿ ಪ್ರತಿ ಬೆಳಿಗ್ಗೆ ಮಾಡುವ ಕೆಲಸ ಅಲ್ಲಿ ಆಟವಾಯಿತು. ಇದು ಯಾರ ತಪ್ಪೂ ಅಲ್ಲ. ಪ್ರಶ್ನೆ ಬರೆದವರು ತಮ್ಮ ಊರಿನ ರೋಗಿಗಳನ್ನು ಕಂಡು ಬರೆದರು.

ನಮ್ಮ ದೇಶದ ವೈದ್ಯರು ಇದನ್ನು ಗಮನಿಸದೆ ಇಲ್ಲ. ಪುಣೆಯ ಸಂಧಿರೋಗ ಕೇಂದ್ರದವರು ಭಾರತೀಯ ಅಭ್ಯಾಸಗಳಿಗೆ ಹೊಂದುವಂತೆ ವೋಮ್ಯಾಕನ್ನು ಮಾರ್ಪಡಿಸಿ ಬಳಸಿದ್ದಾರೆ. ಗಂಟು ಬಾತುಕೊಳ್ಳುವ ರುಮಟಾಯ್ಡ್ ಸಂಧಿವಾತದವರಿಗಾಗಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ರಚಿಸಿ 1980ರಲ್ಲಿ ಪ್ರಕಟಿಸಿದ ಆರೋಗ್ಯ ಪ್ರಶ್ನಾವಳಿಯೊಂದಿದೆ. ಅದರ ಭಾರತೀಯ ರೂಪ 2002ರಲ್ಲಿ ಬಂದಿತು. ಅದರಲ್ಲಿ ಕುಕ್ಕರಗಾಲು ಅಥವಾ ಚಕ್ಕಳಮಕ್ಕಳ ಹಾಕಿ ನೆಲದಲ್ಲಿ ಕೂರುವುದು, ಆಟೋರಿಕ್ಷಾ ಹತ್ತಿ ಇಳಿಯುವುದು, ತರಕಾರಿ ಮಾರುಕಟ್ಟೆಗೆ ಹೋಗಿ ಬರುವುದು, ಮೂರು ಕಿಲೋಮೀಟರ್ ನಡೆಯುವುದು ಎಂಬ ಪ್ರಶ್ನೆಗಳಿವೆ. ಓದಿದೊಡನೆ ಇದು ನಮ್ಮವರನ್ನು ಕಂಡು ಕೇಳಿದ ಪ್ರಶ್ನೆ ಎನಿಸುತ್ತದೆ.

ಹಾಗಾದರೆ ಕನ್ನಡ ಬಲ್ಲ ನಾಲ್ಕು ಜನ ಕೂತು ಇಂಗ್ಲಿಷ್ ಹಾಳೆಯನ್ನು ಕನ್ನಡಿಸಿ, ಬೇಡದ್ದನ್ನು ಹೊಡೆದು, ಬೇಕಾದ್ದನ್ನು ಸೇರಿಸಬಹುದಲ್ಲ ಎಂದು ಕೇಳುವವರಿದ್ದಾರೆ. ಹಾಗೆ ಮಾಡಬಾರದು. ಮೊದಲನೆಯದಾಗಿ ವೋಮ್ಯಾಕ್‌ನಂತಹ ಹಾಳೆಗೆ ಹಕ್ಕುದಾರರ ಅನುಮತಿ ಬೇಕು. ಎರಡನೆಯದು ಇನ್ನೂ ಮುಖ್ಯ: ಪ್ರಶ್ನೆ ಬದಲಾದರೆ ಅಳತೆಗೋಲೇ ಬದಲಾಗುತ್ತದೆ. ಅಡಿಕೆ ತೂಗುವಾಗ ಒಬ್ಬೊಬ್ಬರು ಒಂದೊಂದು ಬಟ್ಟು ಹಾಕಿದಂತಾಗಿ, ಬಂದ ಅಂಕವನ್ನು ಯಾವುದರೊಡನೆಯೂ ಹೋಲಿಸಲಾಗದು.

ಇದಕ್ಕೆ ಒಂದು ಕ್ರಮ ಗೊತ್ತುಪಡಿಸಿದ್ದಾರೆ. ಇಬ್ಬರು ಬೇರೆ ಬೇರೆಯಾಗಿ ಅನುವಾದ ಮಾಡಬೇಕು. ಒಬ್ಬರಿಗೆ ವಿಷಯ ಗೊತ್ತಿರಬೇಕು, ಇನ್ನೊಬ್ಬರಿಗೆ ಗೊತ್ತಿರಬಾರದು. ಎರಡನ್ನೂ ಕೂಡಿಸಿ ಒಂದು ಮಾಡಬೇಕು. ಮೂಲವನ್ನು ನೋಡದ ಬೇರೆ ಇಬ್ಬರು ಅದನ್ನು ತಿರುಗಿ ಇಂಗ್ಲಿಷಿಗೆ ತರಬೇಕು. ವೈದ್ಯರು, ಭಾಷೆ ಬಲ್ಲವರು ಒಟ್ಟಿಗೆ ಕೂತು ವ್ಯತ್ಯಾಸ ನೋಡಬೇಕು. ನಂತರ ಮೂವತ್ತು ನಲವತ್ತು ಮಂದಿ ರೋಗಿಗಳಿಗೆ ಕೊಟ್ಟು, ‘ಈ ಪ್ರಶ್ನೆ ಕೇಳಿದಾಗ ನಿಮಗೆ ಏನೆಂದು ಅರ್ಥವಾಯಿತು?’ ಎಂದು ಪ್ರತಿಯೊಬ್ಬರನ್ನೂ ವಿಚಾರಿಸಬೇಕು. ಆಮೇಲೆ ದೊಡ್ಡ ಸಂಖ್ಯೆಯಲ್ಲಿ ಪರೀಕ್ಷೆ: ನೋವು ಬದಲಾಗದವರಿಗೆ ಕೆಲವು ದಿನ ಬಿಟ್ಟು ಮತ್ತೆ ಕೇಳಿದರೆ ಅದೇ ಅಂಕ ಬರುತ್ತದೆಯೇ, ಗುಣವಾದವರ ಅಂಕ ನಿಜವಾಗಿ ಬದಲಾಗುತ್ತದೆಯೇ ಎಂದು.

ಹಿಂದಿರುಗಿಸಿ ಅನುವಾದ ಮಾಡುವುದು ಹುಚ್ಚಾಟದಂತೆ ಕಂಡೀತು. ಒಂದು ಉದಾಹರಣೆ ಕೊಡುತ್ತೇವೆ. ಇಂಗ್ಲಿಷಿನ ‘ಸ್ಟಿಫ್‌ನೆಸ್’ ಎಂಬುದಕ್ಕೆ ಕನ್ನಡದಲ್ಲಿ ಏನೆನ್ನುವುದು? ಬಿಗಿತ ಎನ್ನಬಹುದು, ಪೆಡಸು ಎನ್ನಬಹುದು, ಹಿಡಿದುಕೊಂಡಂತಾಗುವುದು ಎನ್ನಬಹುದು. ‘ಮರಗಟ್ಟುವುದು’ ಎಂದು ಬರೆದರೆ ಕೆಲವರು ಸ್ಪರ್ಶ ತಿಳಿಯದಿರುವುದೆಂದು ತಿಳಿಯುತ್ತಾರೆ. ಜೋಮು ಹಿಡಿಯುವವರೂ ಹೌದು ಎಂದುಬಿಡುತ್ತಾರೆ. ತಿರುಗಿ ಇಂಗ್ಲಿಷಿಗೆ ತಂದಾಗ ಈ ವ್ಯತ್ಯಾಸ ಸಿಕ್ಕಿಬೀಳುತ್ತದೆ. ಇದು ಬರೀ ಶಬ್ದದ ಜಗಳವಲ್ಲ. ಸವೆತದ ಸಂಧಿವಾತದಲ್ಲಿ ಬೆಳಗಿನ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ. ರುಮಟಾಯ್ಡ್ ಸಂಧಿವಾತದಲ್ಲಿ ಇನ್ನೂ ಹೆಚ್ಚು ಹೊತ್ತು, ಕೆಲವೊಮ್ಮೆ ಗಂಟೆಗಟ್ಟಲೆ ಇರುತ್ತದೆ. ಎರಡರ ಚಿಕಿತ್ಸೆಯೂ ಬೇರೆ.

ಉತ್ತರಗಳ ಮಾತೂ ಇದೆ. ಐದು ಉತ್ತರಗಳಲ್ಲಿ ನಡುವಿನದನ್ನು ‘ಸಾಧಾರಣ’ ಎಂದು ಅಚ್ಚು ಹಾಕಿದ್ದರೆ ಜೋಪಾನ. ನಮ್ಮ ಆಡುಮಾತಿನಲ್ಲಿ ಸಾಧಾರಣ ಎಂದರೆ ‘ಏನೋ ನಡೆಯುತ್ತಿದೆ, ಚಿಂತೆಯಿಲ್ಲ’ ಎಂದರ್ಥ. ಹಾಳೆಯಲ್ಲಿ ಅದು ಎರಡು ಅಂಕದ ನೋವು, ಅಲ್ಪಕ್ಕಿಂತ ಹೆಚ್ಚು, ತೀವ್ರಕ್ಕಿಂತ ಕಡಿಮೆ. ನೋವು ಕಡಿಮೆ ಎನ್ನಲು ಸಾಧಾರಣ ಎಂದವರಿಗೂ ನಿಜವಾಗಿ ಅರ್ಧದಷ್ಟು ನೋವಿದ್ದವರಿಗೂ ಒಂದೇ ಅಂಕ ಬೀಳುತ್ತದೆ. ಪದವನ್ನು ಓದುವುದಕ್ಕಿಂತ ಅದು ಎಷ್ಟನೆಯ ಮೆಟ್ಟಿಲು ಎಂದು ನೋಡಿ ಗುರುತು ಹಾಕಿರಿ.

ಎಲ್ಲಕ್ಕಿಂತ ದೊಡ್ಡ ಮೋಸ ಇನ್ನೊಂದು ಕಡೆ ಆಗುತ್ತದೆ. ಮಂಡಿ ನೋವಿನವರು ಕಷ್ಟದ ಕೆಲಸವನ್ನು ಮೆಲ್ಲನೆ ಬಿಟ್ಟುಬಿಡುತ್ತಾರೆ. ನೆಲದಲ್ಲಿ ಕೂರುವುದನ್ನು ಬಿಟ್ಟು ಕುರ್ಚಿ ಹಿಡಿಯುತ್ತಾರೆ, ಕಮೋಡು ಹಾಕಿಸಿಕೊಳ್ಳುತ್ತಾರೆ, ಕೆಳಗಿನ ತೋಟಕ್ಕೆ ಇಳಿಯುವುದನ್ನು ಮಗನಿಗೆ ವಹಿಸುತ್ತಾರೆ. ಹಾಳೆ ಬಂದಾಗ ‘ಈಗ ಅದರಿಂದ ತೊಂದರೆ ಏನೂ ಇಲ್ಲ ಡಾಕ್ಟ್ರೇ’ ಎನ್ನುತ್ತಾರೆ. ಮಾತು ಸುಳ್ಳಲ್ಲ. ಆದರೆ ಅಂಕದಲ್ಲಿ ಮಂಡಿ ಗಟ್ಟಿಯಾಗಿದೆ ಎಂದಾಯಿತು! ನೋವಿನ ದೆಸೆಯಿಂದ ಬಿಟ್ಟ ಕೆಲಸಕ್ಕೆ ‘ಕಷ್ಟವಿಲ್ಲ’ ಎಂದು ಗುರುತು ಹಾಕಬೇಡಿರಿ. ಈಗ ಮಾಡಬೇಕಾಗಿ ಬಂದರೆ ಎಷ್ಟು ಕಷ್ಟವಾದೀತು ಎಂದು ಯೋಚಿಸಿ ಉತ್ತರಿಸಿ, ‘ನೋವಿನಿಂದ ಬಿಟ್ಟಿದ್ದೇನೆ’ ಎಂದು ಡಾಕ್ಟರಿಗೆ ಬಾಯಿಬಿಟ್ಟು ಹೇಳಿರಿ. ಸ್ನಾನದ ತೊಟ್ಟಿಯಂತೆ ಎಂದೂ ಮಾಡದ ಕೆಲಸದ ವಿಷಯ ಬೇರೆ. ಅದನ್ನು ಊಹಿಸಿ ತುಂಬದೆ, ನಮ್ಮಲ್ಲಿ ಇಲ್ಲ ಎಂದು ತಿಳಿಸಿರಿ. ಬಿಟ್ಟುಹೋದ ಉತ್ತರವನ್ನು ಹೇಗೆ ಲೆಕ್ಕಹಾಕಬೇಕೆಂಬ ನಿಯಮ ಅವರಲ್ಲಿ ಇರುತ್ತದೆ.

ಕಾಲದ ಲೆಕ್ಕವನ್ನೂ ಗಮನಿಸಬೇಕು. ವೋಮ್ಯಾಕ್ ಕೇಳುವುದು ಸಾಮಾನ್ಯವಾಗಿ ಹಿಂದಿನ ಎರಡು ದಿನದ್ದು, ಕೂಸ್ ಒಂದು ವಾರದ್ದು, ಆಕ್ಸ್‌ಫರ್ಡ್ ಪಟ್ಟಿ ನಾಲ್ಕು ವಾರದ್ದು. ಕಾಫಿ ಕೊಯ್ಲಿನ ಜನವರಿಯಲ್ಲಿ ತುಂಬಿದ ಹಾಳೆಗೂ ಮಳೆಗೆ ಮನೆಯೊಳಗೆ ಕೂತ ಜುಲೈಯಲ್ಲಿ ತುಂಬಿದ್ದಕ್ಕೂ ವ್ಯತ್ಯಾಸ ಕಂಡರೆ ಅದು ಔಷಧದ ಗುಣವೋ, ತೋಟಕ್ಕೆ ಇಳಿಯದಿದ್ದುದರ ಗುಣವೋ? ಡಾಕ್ಟರಿಗೆ ನಮ್ಮ ಕೊಯ್ಲಿನ ಪಂಚಾಂಗ ಗೊತ್ತಿರಬೇಕಾಗಿಲ್ಲ. ನಾವೇ ಹೇಳಬೇಕು.

ಓದು ಬಾರದ ಹಿರಿಯರಿಗೂ ಆಳುಗಳಿಗೂ ಮನೆಯವರು ಹಾಳೆ ಓದಿ ಹೇಳುವುದು ವಾಡಿಕೆ. ಓದಿರಿ, ಆದರೆ ಅವರ ಪರವಾಗಿ ಉತ್ತರಿಸಬೇಡಿರಿ. ‘ಅಮ್ಮನಿಗೆ ಅಷ್ಟೇನೂ ನೋವಿಲ್ಲ, ಎಲ್ಲಾ ಕೆಲಸ ಮಾಡ್ತಾರೆ’ ಎಂದು ಮಗ ಹೇಳುವಾಗ ತಾಯಿ ಸೆರಗು ಸರಿಮಾಡಿಕೊಂಡು ಸುಮ್ಮನಿರುತ್ತಾರೆ. ಸುಗ್ಗಿಯಲ್ಲಿ ಮೆಟ್ಟುಗತ್ತಿಯ ಮುಂದೆ ಗಂಟೆಗಟ್ಟಲೆ ಕೂತು ಅಡಿಕೆ ಸುಲಿಯುವವರಲ್ಲಿ ಹೆಂಗಸರೇ ಹೆಚ್ಚು. ಈ ರೋಗವೂ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಅವರ ಬಾಯಿಂದಲೇ ಉತ್ತರ ಬರಲಿ.

ನಮ್ಮ ಕೆಲಸಗಳನ್ನು ಆಸ್ಪತ್ರೆಯ ಹಾಳೆಯಲ್ಲಿ ತುರುಕಲಾಗದಿದ್ದರೂ ಒಂದು ಬೇರೆ ಚೀಟಿಯಲ್ಲಿ ಬರೆದು ಒಯ್ಯಲು ಅಡ್ಡಿಯಿಲ್ಲ. ಸುಲಿಯಲು ಎಷ್ಟು ಹೊತ್ತು ಕೂರಬಲ್ಲಿರಿ, ಎದ್ದಾಗ ಏನು ಹಿಡಿಯಬೇಕಾಗುತ್ತದೆ. ಮೂಟೆ ಹೊತ್ತು ಇಳಿಜಾರು ಇಳಿಯಬಲ್ಲಿರೇ. ಸಂಕ ದಾಟುವಾಗ ಮಂಡಿ ತಪ್ಪಿದಂತಾಗುತ್ತದೆಯೇ. ಮೆಣಸು ಕೊಯ್ಯಲು ಏಣಿ ಎಷ್ಟು ಮೆಟ್ಟಿಲು ಹತ್ತುತ್ತೀರಿ. ಯಾವ ಕೆಲಸವನ್ನು ಯಾವ ವರ್ಷ ಬಿಟ್ಟಿರಿ. ಇದಕ್ಕೆ ಅಂಕವಿಲ್ಲ. ಡಾಕ್ಟರು ಹಾಳೆಯ ಪಕ್ಕದಲ್ಲಿ ಇಟ್ಟುಕೊಂಡು ಓದಿದರೆ ಸಾಕು.

ಕೊನೆಯದಾಗಿ ಅಂಕ ಓದುವ ಬಗೆ. ವೋಮ್ಯಾಕ್‌ನಲ್ಲಿ ಅಂಕ ಏರಿದರೆ ಕಷ್ಟ ಏರಿದೆ ಎಂದರ್ಥ. ಕೂಸ್‌ನಲ್ಲಿ ಇದಕ್ಕೆ ತಿರುವುಮುರುವು. 100 ಎಂದರೆ ತೊಂದರೆಯೇ ಇಲ್ಲ. ಆಕ್ಸ್‌ಫರ್ಡ್ ಪಟ್ಟಿಯಲ್ಲಿ ಈಗ ಬಳಕೆಯಲ್ಲಿರುವ ಲೆಕ್ಕದಂತೆ 48 ಅತ್ಯುತ್ತಮ. ಮೊದಲಿನ ಲೆಕ್ಕದಲ್ಲಿ 12 ಅತ್ಯುತ್ತಮ, 60 ಅತಿ ಕೆಟ್ಟದ್ದು. ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಹೋದವರು ಬರೀ ಅಂಕ ಹೇಳಿದರೆ ಯಾರಿಗೂ ತಿಳಿಯದು. ಆದುದರಿಂದ ಹಾಳೆ ತುಂಬಿದಾಗ ಅದರ ಹೆಸರು, ತಾರೀಖು, ಎಡಗಾಲೋ ಬಲಗಾಲೋ, ಆ ದಿನಗಳಲ್ಲಿ ತೋಟದಲ್ಲಿ ಯಾವ ಕೆಲಸ ನಡೆದಿತ್ತು ಎಂಬಿಷ್ಟನ್ನು ಗುರುತು ಹಾಕಿ, ಒಂದು ಪ್ರತಿಯನ್ನು ಕೇಳಿ ಪಡೆದು ಎಕ್ಸ್-ರೇ ಲಕೋಟೆಯೊಳಗೆ ಇಟ್ಟುಕೊಳ್ಳಿರಿ.