ದೀಪ ಹಿಡಿದವಳು ಯಾರ ಮಗಳು?

ಪ್ರಶ್ನೆ: ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದ ಹೆಣ್ಣಿನ ಚಿತ್ರ ನೋಡಿ ಬಂದೆವು. ಅದು ರವಿವರ್ಮನದ್ದೇ ಅನ್ನುತ್ತಾರೆ ನಮ್ಮ ತಂದೆಯವರು, ಅಲ್ಲ ಅನ್ನುತ್ತಾಳೆ ಮಗಳು. ಯಾರು ಸರಿ? ಆಕೆ ಯಾರು?
— ಓದುಗರೊಬ್ಬರು, ಕದ್ರಿ, ಮಂಗಳೂರು

ಉತ್ತರ: ನಿಮ್ಮ ಮಗಳು ಹೇಳಿದ್ದೇ ಸರಿ. ಅದನ್ನು ಬರೆದವರು ಸಾವಂತವಾಡಿಯಲ್ಲಿ ಹುಟ್ಟಿದ ಕಲಾವಿದ ಎಸ್. ಎಲ್. ಹಳದಣಕರ್ (1882–1968). ದೀಪ ಹಿಡಿದು ನಿಂತವರು ಅವರ ಮಗಳು ಗೀತಾ. ಚಿತ್ರದ ಕಾಲ 1945–46. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಗೀತಾ 2018ರಲ್ಲಿ ನಿಧನರಾದಾಗ ಅವರಿಗೆ 102 ವರ್ಷ. ಅಂದರೆ ಅವರು ಹುಟ್ಟುವ ಹೊತ್ತಿಗೇ ರವಿವರ್ಮ ಇರಲಿಲ್ಲ. ಅದೇ ಅರಮನೆಯಲ್ಲಿ ರವಿವರ್ಮನ ತೈಲಚಿತ್ರಗಳೂ ಇರುವುದರಿಂದ ನಿಮ್ಮ ತಂದೆಯವರಂತೆ ಬಹಳ ಜನ ಹಾಗೆ ತಿಳಿದಿದ್ದಾರೆ.

ಇದು ತೈಲವರ್ಣವಲ್ಲ, ಜಲವರ್ಣ. ತೈಲದಲ್ಲಿ ಕಪ್ಪಿನ ಮೇಲೂ ಬೆಳಕು ಬಳಿಯಬಹುದು. ಜಲವರ್ಣದಲ್ಲಿ ಬೆಳಕು ಬೇಕಾದ ಜಾಗವನ್ನು ಮೊದಲೇ ಉಳಿಸಿಕೊಂಡು ಬರಬೇಕು. ನಿಮ್ಮೂರಿನ ಅಲೋಶಿಯಸ್ ಚಾಪೆಲ್‌ನಲ್ಲಿ ಕಲಾವಿದ ಮೋಶೆನಿ ಹಸಿ ಗಾರೆಯ ಮೇಲೆ ಬರೆದರಲ್ಲ, ಅಲ್ಲಿನಂತೆ ಇಲ್ಲೂ ಕೈ ತಪ್ಪಿದರೆ ತಿದ್ದುವುದು ಕಷ್ಟ. ಈಗ ಗೀತಾ ಅವರ ಕೈ ನೆನಪಿಸಿಕೊಳ್ಳಿ: ಒಂದರಲ್ಲಿ ದೀಪ, ಇನ್ನೊಂದು ಗಾಳಿಗೆ ಅಡ್ಡ. ಬೆಳಕು ಬೆರಳುಗಳೊಳಗಿಂದ ಹಾಯ್ದು ಕೆಂಪಗೆ ಕಾಣುತ್ತದೆ.

ಮಗಳನ್ನು ಬರೆದ ಕಲಾವಿದರಲ್ಲಿ ಇಂಗ್ಲೆಂಡಿನ ಥಾಮಸ್ ಗೇನ್ಸ್‌ಬರೋ ದೊಡ್ಡ ಹೆಸರು. ಹಣವಂತರ ಭಾವಚಿತ್ರ ಬರೆದು ಬದುಕಿದ ಆತ 1756ರ ಸುಮಾರಿಗೆ ತನ್ನ ಪುಟ್ಟ ಹೆಣ್ಣುಮಕ್ಕಳಾದ ಮೇರಿ ಮತ್ತು ಮಾರ್ಗರೆಟ್‌ರನ್ನು ಬರೆದ. ಮುಳ್ಳುಗಿಡದ ಮೇಲೆ ಕೂತ ಪಾತರಗಿತ್ತಿಗೆ ಕಿರಿಯವಳು ಕೈ ಚಾಚಿದ್ದಾಳೆ, ಹಿರಿಯವಳು ಅವಳ ಇನ್ನೊಂದು ಕೈ ಹಿಡಿದಿದ್ದಾಳೆ. ಆ ಬೆರಳಿಗೆ ಮುಳ್ಳು ಎಷ್ಟು ಹತ್ತಿರವಿದೆ ಎಂದು ನೋಡಿದ್ದು ಅಪ್ಪನ ಕಣ್ಣು. ಚಿತ್ರ ಪೂರ್ತಿಯಾಗಲಿಲ್ಲ, ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ.

ಎರಡೂ ಚಿತ್ರಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಮುಖಕ್ಕಿಂತ ಕೈ. ಬೇರೆಯವರ ಮುಖವನ್ನು ಚೆನ್ನಾಗಿ ಬರೆಯುವುದು ಕಸುಬು. ಮಗಳ ಬೆರಳನ್ನು ಇಷ್ಟು ಗಮನಿಸುವುದು ಅಕ್ಕರೆ. ಅದಕ್ಕೇ ಹಳದಣಕರ್ ಹೆಸರೂ ಗೀತಾ ಹೆಸರೂ ಒಟ್ಟಿಗೆ ನೆನಪಿರಬೇಕು.

ಮುಂದಿನ ದೀಪಾವಳಿಗೆ ನಿಮ್ಮ ಮಗಳ ಕೈಗೆ ಹಣತೆ ಕೊಟ್ಟು, ಇನ್ನೊಂದು ಕೈಯನ್ನು ಗಾಳಿಗೆ ಅಡ್ಡ ಹಿಡಿಯಲು ಹೇಳಿ. ಅಜ್ಜ ಪಕ್ಕದಲ್ಲೇ ಕೂತು ಆ ಬೆರಳುಗಳನ್ನು ನೋಡಲಿ.